ನಿರ್ವಾತದ ಸುತ್ತುಸಂಖ್ಯೆ

ಕಣಗಳ ನಡುವಿನ ಪ್ರಬಲ ಮತ್ತು ದುರ್ಬಲ ಬಲಗಳನ್ನು ವಿವರಿಸುವ ಗೇಜ್ ಸಿದ್ಧಾಂತಗಳಲ್ಲಿ ನಿರ್ವಾತಕ್ಕೆ ಅಸಂಖ್ಯ ರೂಪಗಳಿವೆ. ಎಲ್ಲದರ ಶಕ್ತಿಯೂ ಸಮ; ಬಲಕ್ಷೇತ್ರ ಎಷ್ಟು ಸಲ ಸುತ್ತಿಕೊಂಡಿದೆ ಎಂಬುದರಲ್ಲಷ್ಟೇ ವ್ಯತ್ಯಾಸ. ಈ ಎಣಿಕೆಯೇ ಸುತ್ತುಸಂಖ್ಯೆ.

ಗಂಗೊಳ್ಳಿ ಬಂದರಿನಲ್ಲಿ ಹಗ್ಗವೊಂದನ್ನು ಗೂಟಕ್ಕೆ ಮೂರು ಸುತ್ತು ಹಾಕಿ ಎರಡೂ ತುದಿಗಳನ್ನು ಬಿಗಿದಿದ್ದರೆ, ಹೇಗೆ ಜಗ್ಗಿದರೂ ಸುತ್ತು ಮೂರೇ. ಜಗ್ಗಿದರೂ ಬಗ್ಗಿಸಿದರೂ ಮಾರ್ಪಡದ ಇಂಥ ಗುಣಗಳ ಗಣಿತಕ್ಕೆ ಟೊಪಾಲಜಿ ಎಂದು ಹೆಸರು. ಒಂದು ಸುತ್ತು ಬಿಡಿಸಲು ಹಗ್ಗವನ್ನು ಗೂಟದ ತಲೆಯ ಮೇಲಿಂದ ಎತ್ತಬೇಕು. ಇಲ್ಲವೇ ಹಗ್ಗ ಗೂಟವನ್ನೇ ತೂರಿಹೋಗಬೇಕು. ಹಗ್ಗಕ್ಕೆ ಆಗದ ಈ ಎರಡನೆಯ ದಾರಿ ಕ್ವಾಂಟಮ್ ಕ್ಷೇತ್ರಕ್ಕೆ ತೆರೆದಿದೆ. ಅದೇ ಸುರಂಗ ಸಂಚಾರ. ಇದನ್ನು ವರ್ಣಿಸುವ ‘ಇನ್‌ಸ್ಟಾಂಟನ್’ ಪರಿಹಾರವನ್ನು 1975ರಲ್ಲಿ ಬೆಲಾವಿನ್, ಪಾಲ್ಯಕೋವ್, ಶ್ವಾರ್ಟ್ಸ್ ಮತ್ತು ತ್ಯುಪ್ಕಿನ್ ಕಂಡುಕೊಂಡರು.

ದುರ್ಬಲ ಬಲದಲ್ಲಿ ಇದರ ಪರಿಣಾಮವೇನೆಂದು 1976ರಲ್ಲಿ ತೋರಿಸಿದವರು ಗೆರಾರ್ಡ್ ಟ್ ಹೂಫ್ಟ್. ಸುತ್ತು ಒಂದು ಬದಲಾದರೆ ಒಂಬತ್ತು ಕ್ವಾರ್ಕ್, ಮೂರು ಲೆಪ್ಟಾನ್‌ಗಳ (ಎಲೆಕ್ಟ್ರಾನ್ ವರ್ಗದ ಕಣಗಳ) ಲೆಕ್ಕ ಒಟ್ಟಿಗೇ ಬದಲಾಗುತ್ತದೆ. ಮೂರು ಕ್ವಾರ್ಕ್ ಸೇರಿ ಒಂದು ಪ್ರೋಟಾನ್. ಅಂದರೆ ದ್ರವ್ಯದ ಎಣಿಕೆ ಮೂರು ಮೂರಾಗಿಯೇ ಏರಿಳಿಯಬೇಕು. ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಭಾರತ ಮತ್ತು ಜಪಾನಿನ ವಿಜ್ಞಾನಿಗಳು 1980ರಿಂದ ಹುಡುಕಿದ್ದು ಒಂಟಿ ಪ್ರೋಟಾನಿನ ಅಳಿವನ್ನು. ಅಲ್ಲಿ ಇಳಿಕೆ ಮೂರಲ್ಲ, ಒಂದೇ; ಹಾಗಾಗಿ ಸುತ್ತು ಬದಲಾವಣೆಯೊಂದರಿಂದಲೇ ಅದು ನಡೆಯದು. ಮೇಲಾಗಿ ತಣ್ಣನೆಯ ಜಗತ್ತಿನಲ್ಲಿ ಈ ಸುರಂಗ ಸಂಚಾರದ ಸಂಭವನೀಯತೆ ತೀರಾ ಅಲ್ಪ: ದಶಮಾಂಶ ಬಿಂದುವಿನ ಮುಂದೆ ನೂರೈವತ್ತಕ್ಕೂ ಹೆಚ್ಚು ಸೊನ್ನೆಗಳು.

ಇನ್ನು ಮೊದಲ ದಾರಿ. ಅಲ್ಲಿ ಗೂಟದ ತಲೆಗೆ ಸಮನಾದ ಸ್ಥಿತಿಗೆ 1984ರಲ್ಲಿ ಕ್ಲಿಂಕ್‌ಹೇಮರ್ ಮತ್ತು ಮ್ಯಾಂಟನ್ ‘ಸ್ಫಾಲೆರಾನ್’ ಎಂದು ಹೆಸರಿಟ್ಟರು. ಶಕ್ತಿಯ ಅಳತೆಯಲ್ಲಿ ಅದರ ಎತ್ತರ ಸುಮಾರು 9 ಟೆರಾ ಎಲೆಕ್ಟ್ರಾನ್‌ವೋಲ್ಟ್. ಜಿನೀವಾ ಬಳಿಯ ಲಾರ್ಜ್ ಹೇಡ್ರಾನ್ ಕೊಲೈಡರ್‌ನಲ್ಲಿ ಪ್ರೋಟಾನ್‌ಗಳು 13.6 ಟೆರಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಲ್ಲಿ ಡಿಕ್ಕಿ ಹೊಡೆಯುತ್ತವೆ. ಆದರೆ ಆ ಶಕ್ತಿ ಪ್ರೋಟಾನಿನೊಳಗಿನ ಕ್ವಾರ್ಕ್ ಮುಂತಾದ ಕಣಗಳಲ್ಲಿ ಹಂಚಿಹೋಗಿರುತ್ತದೆ. ಎರಡೇ ಕ್ವಾರ್ಕ್‌ಗಳಿಗೆ ಸಾಕಷ್ಟು ಶಕ್ತಿ ದಕ್ಕಿದರೂ ತೊಡಕು ಮುಗಿಯದು. ಸ್ಫಾಲೆರಾನ್ ಎಂದರೆ ಹತ್ತಾರು ಡಬ್ಲ್ಯೂ, ಝಡ್, ಹಿಗ್ಸ್ ಕಣಗಳು ಒಂದೇ ಲಯದಲ್ಲಿ ಕೂಡಿದಂಥ ಕ್ಷೇತ್ರದ ಮುದ್ದೆ. ಕೈರಂಪಣಿ ಬಲೆಯನ್ನು ದಡಕ್ಕೆ ತರಲು ಹತ್ತಾರು ಮಂದಿ ಒಟ್ಟಾಗಿ ಎಳೆಯಬೇಕು. ಎಂಥ ಬಲಶಾಲಿಗಳಾದರೂ ಇಬ್ಬರಿಂದ ಆಗದು. ಕಣಗಳದೂ ಇದೇ ಕತೆ.

ಹೆಚ್ಚು ಶಕ್ತಿಯ ಡಿಕ್ಕಿಯಲ್ಲಿ ಸುತ್ತು ಬದಲಾಗುವ ಸಂಭವನೀಯತೆ ಭಾರೀ ಏರಬಹುದೆಂದು 1990ರಲ್ಲಿ ರಿಂಗ್ವಾಲ್ಡ್ ಮತ್ತು ಎಸ್ಪಿನೋಸಾ ಲೆಕ್ಕ ತೋರಿಸಿದಾಗ ದೊಡ್ಡ ಚರ್ಚೆ ಎದ್ದಿತು. ಮುಂದಿನ ಹಲವು ಲೆಕ್ಕಗಳು, ಏರಿಕೆ ಇದ್ದರೂ ಅದು ಸಾಲದು ಎಂದವು. ಅದೇ ಕೊಲೈಡರ್‌ನ ಸಿಎಂಎಸ್ ಪ್ರಯೋಗದ ತಂಡ 13 ಟೆರಾ ಎಲೆಕ್ಟ್ರಾನ್‌ವೋಲ್ಟ್ ಡಿಕ್ಕಿಗಳಲ್ಲಿ ಹುಡುಕಿ 2018ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲೂ ಸ್ಫಾಲೆರಾನಿನ ಸುಳಿವಿಲ್ಲ.

ಆದಿ ವಿಶ್ವದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿನ ಬಿಸಿಯಲ್ಲಿ ಕಣಗಳು ಕಿಕ್ಕಿರಿದಿದ್ದವು. ಗೂಟದ ತಲೆ ದಾಟುವುದು ಸಾಮಾನ್ಯ ಸಂಗತಿಯಾಗಿತ್ತು. ದ್ರವ್ಯ ಪ್ರತಿದ್ರವ್ಯಕ್ಕಿಂತ ಹೆಚ್ಚಾಗಿ ಉಳಿದುದಕ್ಕೆ ಈ ದಾಟುವಿಕೆ ಕಾರಣವಾಗಿರಬಹುದೆಂದು ಕುಜ್ಮಿನ್, ರುಬಕೋವ್ ಮತ್ತು ಶಪೋಶ್ನಿಕೋವ್ 1985ರಲ್ಲಿ ಸೂಚಿಸಿದರು. ಆ ವಿವರಣೆ ಪೂರ್ಣವಾಗಲು ಈಗ ತಿಳಿದಿರುವ ಕಣಗಳು, ಬಲಗಳು ಸಾಲವು; ಹೊಸ ಭೌತನಿಯಮಗಳೂ ಬೇಕು.