ಟೋಕನ್ ನಂಬರೂ ಖಾತೆ ನಂಬರೂ

ಲಿನಕ್ಸ್ ಎಂದೊಡನೆ ನಮ್ಮ ಕಾಮರ್ಸ್ ಗೆಳೆಯರು ಮಾರು ದೂರ ಸರಿಯುತ್ತಾರೆ. ಅದು ಸೈನ್ಸಿನವರ ಪಾಡು ಅಂತ ಬಿಟ್ಟರೆ ನಷ್ಟ ನಮಗೇ. ನಮ್ಮ ಸಂಘದ ನಾಟಕ, ಭಾವಗೀತೆಗಳ ಧ್ವನಿಮುದ್ರಣಗಳೆಲ್ಲ ಈಗ ಒಂದೇ ಹಾರ್ಡ್ ಡಿಸ್ಕಿನಲ್ಲಿವೆ. ಅವನ್ನು ಕೇಳಿಸುವುದು ಟಿ.ವಿ.ಗೆ ಜೋಡಿಸಿದ, ಅಂಗೈಯಗಲದ ರಾಸ್ಪ್‌ಬೆರಿ ಪೈ. ಅದರಲ್ಲಿರುವುದು ಲಿನಕ್ಸಿನ 'ಲೈಟ್' ಆವೃತ್ತಿ. ಡಿಸ್ಕು ಚುಚ್ಚಿದರಷ್ಟೇ ಸಾಲದು, ಪ್ರತಿ ಸಲವೂ ಯಾರಾದರೂ ಆಜ್ಞೆ ಟೈಪು ಮಾಡಬೇಕು. ಬಲ್ಲವರು ಡಿಗ್ರಿ ಮುಗಿಸಿ ಹೊರಟರೆ ಮುಂದೆ ಕೇಳಿಸುವವರು ಯಾರು?

ವಿಂಡೋಸಿನಲ್ಲಿ ಹೊಸ ಡಿಸ್ಕಿಗೆ ಒಂದು ಅಕ್ಷರ ಸಿಗುತ್ತದೆ. ಲಿನಕ್ಸಿನಲ್ಲಿ ಹಾಗಲ್ಲ, ಎಲ್ಲ ಫೋಲ್ಡರುಗಳೂ ಒಂದೇ ಮರದ ಕೊಂಬೆಗಳು. ಡಿಸ್ಕನ್ನು ಆ ಮರದ ಒಂದು ಕೊಂಬೆಗೆ, ಅಂದರೆ ಒಂದು ಖಾಲಿ ಫೋಲ್ಡರಿಗೆ, ಕಟ್ಟಬೇಕು. ಹೀಗೆ ಕಟ್ಟೋದಕ್ಕೇ 'ಮೌಂಟ್' ಅನ್ನೋದು.

ಅದು ತಾನಾಗಿಯೇ ಆಗಬೇಕಾದರೆ 'ಇಟಿಸಿ' ಫೋಲ್ಡರಿನ 'ಎಫ್‌ಎಸ್‌ಟ್ಯಾಬ್' ಎಂಬ ಫೈಲಿನಲ್ಲಿ ಒಂದು ಸಾಲು ಬರೆಯಬೇಕು: ಯಾವ ಡಿಸ್ಕು, ಯಾವ ಫೋಲ್ಡರು, ಯಾವ ಬಗೆಯ ಫಾರ್ಮ್ಯಾಟು, ಏನೇನು ಷರತ್ತು, ಕೊನೆಗೆ ಎರಡು ಸೊನ್ನೆ. ನಮ್ಮ ಲೆಡ್ಜರಿನ ಕಾಲಮ್ಮುಗಳ ಹಾಗೇನೇ.

ಜಾಣತನ ಬೇಕಾದ್ದು ಮೊದಲ ಕಾಲಮ್ಮಿನಲ್ಲಿ. ಲಿನಕ್ಸು ಡಿಸ್ಕುಗಳನ್ನು ಕಂಡ ಸರದಿಯಂತೆ ಎಸ್‌ಡಿಎ, ಎಸ್‌ಡಿಬಿ ಅಂತ ಹೆಸರಿಡುತ್ತದೆ. ಇದು ಬ್ಯಾಂಕಿನ ಟೋಕನ್ ಇದ್ದ ಹಾಗೆ. ಇವತ್ತು 1, ನಾಳೆ 2. ಯಾರದೋ ಪೆನ್‌ಡ್ರೈವ್ ಮೊದಲು ಬಂದು ಕೂತರೆ ಅದೇ ಎಸ್‌ಡಿಎ! ಆದ್ದರಿಂದ ಬರೆಯಬೇಕಾದ್ದು 'ಯುಯುಐಡಿ'. ಫಾರ್ಮ್ಯಾಟು ಮಾಡಿದಾಗ ಸಿಗುವ ಈ ಗುರುತು, ಮತ್ತೆ ಫಾರ್ಮ್ಯಾಟು ಮಾಡುವ ತನಕ ಹಾಗೇ ಇರುತ್ತದೆ. ಇದೇ ಖಾತೆ ನಂಬರು. 'ಸುಡೊ ಬಿಎಲ್‌ಕೆಐಡಿ' ಎಂಬ ಆಜ್ಞೆ ಕೊಟ್ಟರೆ ಗುರುತೂ, ಫಾರ್ಮ್ಯಾಟಿನ ಬಗೆಯೂ ಒಟ್ಟಿಗೇ ಕಾಣುತ್ತವೆ.

ಷರತ್ತಿನ ಕಾಲಮ್ಮಿನಲ್ಲಿ 'ನೋಫೇಲ್' ಇರಲೇಬೇಕು. ಅದಿಲ್ಲದಿದ್ದರೆ, ಡಿಸ್ಕು ಇನ್ನೊಬ್ಬರ ಮನೆಯಲ್ಲಿ ಉಳಿದ ದಿನ ಪೈ ಸಾಮಾನ್ಯವಾಗಿ 90 ಸೆಕೆಂಡು ಕಾದು, ಪೂರ್ತಿ ಶುರುವಾಗದೆ ನಡುವೆಯೇ ನಿಂತುಬಿಡುತ್ತದೆ. ಪೈ ಶುರುವಾದ ಮೇಲೆ ಡಿಸ್ಕು ಚುಚ್ಚುವ ಅಭ್ಯಾಸ ಇದ್ದರೆ 'ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್' ಅಂತಲೂ ಸೇರಿಸಿ. ಆಗ ಫೋಲ್ಡರು ತೆರೆದ ಕ್ಷಣವೇ ಡಿಸ್ಕು ಕಟ್ಟಿಕೊಳ್ಳುತ್ತದೆ. ತೆಗೆಯುವಾಗ ಮಾತ್ರ ಅವಸರ ಬೇಡ. ಪೈ ಆರಿಸಿಯೇ ಕೀಳಿ, ಇಲ್ಲವಾದರೆ ಅರ್ಧ ಬರೆದ ಫೈಲು ಕೆಟ್ಟೀತು.

ಈ ಸಾಲನ್ನು ಸಂಘದ ನಡಾವಳಿ ಪುಸ್ತಕದಲ್ಲೂ ನಕಲು ಮಾಡಿಟ್ಟಿದ್ದೇನೆ. ಬರುವ ವರ್ಷದ ತಮ್ಮ ತಂಗಿಯರು ಡಿಸ್ಕು ಚುಚ್ಚಿ, ಕೂತು ನಾಟಕ ಕೇಳಿದರೆ ಆಯಿತು.