ಸೊಂಟದ ರಿವಾಲ್ವರಿಗೆ ಯಾವ ಕಾಡತೂಸು?

ಸಿಂಧನೂರಿನಿಂದ ಆರ್.ಎಚ್. ಕ್ಯಾಂಪಿನ ಕಡೆ ಹೊರಡುವ ಸಂಜೆ ಬಸ್ಸಿನಲ್ಲಿ ಭತ್ತದ ಧಾರಣೆ, ಕಾಲುವೆ ನೀರು, ಇವೆರಡೂ ಮುಗಿದ ಮೇಲೆ ಮೂರನೆಯ ಮಾತು ಕಳ್ಳಕಾಕರದ್ದು. ಫೋನ್‌ಪೇ ಬಂದು ಗಲ್ಲಾಪೆಟ್ಟಿಗೆ ಹಗುರಾಗಿದೆ ಅನ್ನಿ. ಆದರೂ ಸುಗ್ಗಿ ಕಾಲಕ್ಕೆ ರೈಸ್ ಮಿಲ್ಲಿನವರು, ದಲಾಲಿ ಅಂಗಡಿಯವರು ನಗದು ಹಿಡಿದು ತಿರುಗುವುದು ತಪ್ಪಿಲ್ಲ. ಹೀಗಾಗಿ ಕೆಲವರು ಲೈಸೆನ್ಸ್ ಮಾಡಿಸಿ, ಅಂಗಿಯ ಕೆಳಗೆ ಸಣ್ಣದೊಂದು ರಿವಾಲ್ವರ್ ಸಿಗಿಸಿಕೊಂಡು ಓಡಾಡುತ್ತಾರೆ. ರಿವಾಲ್ವರ್ ಯಾವುದ್ರೀ ಅಂದರೆ ಥಟ್ಟನೆ ಹೇಳುತ್ತಾರೆ. ಒಳಗಿರುವ ಕಾಡತೂಸು ಯಾವುದು, ಎಂದು ತಂದದ್ದು, ಎಷ್ಟು ದಿನದಿಂದ ಅಲ್ಲೇ ಕೂತಿದೆ ಅಂತ ಕೇಳಿ ನೋಡಿ. ಸಾಹುಕಾರರು ಮುಖ ಮುಖ ನೋಡುತ್ತಾರೆ.

ಲಕ್ಷ ರೂಪಾಯಿ ಕೊಟ್ಟು ತಂದ ಕಬ್ಬಿಣದ ಕೆಲಸವೇನಿದ್ದರೂ ಕಾಡತೂಸನ್ನು ಹಿಡಿದುಕೊಳ್ಳುವುದು, ಅದರ ಹಿಂಬದಿಗೆ ಒಂದು ಏಟು ಕೊಡುವುದು, ಅಷ್ಟೇ. ಮಿಕ್ಕಿದ್ದೆಲ್ಲ ಆ ಹಿತ್ತಾಳೆ ಕೊಳವೆಯೊಳಗಿನ ಮದ್ದು ಮತ್ತು ಸೀಸದ್ದು.

ನಮ್ಮಲ್ಲಿ ಲೈಸೆನ್ಸ್‌ದಾರರ ಕೈಯಲ್ಲಿ ಹೆಚ್ಚಾಗಿ ಕಾಣುವುದು .32 ರಿವಾಲ್ವರ್. ಕಾನಪುರದ ಸರಕಾರಿ ಕಾರ್ಖಾನೆಯದು, ಹಳೆಯ ವೆಬ್ಲಿ ರಿವಾಲ್ವರಿನ ವಂಶದ್ದು. 2014ರ ಜನವರಿಯಲ್ಲಿ ಅಲ್ಲಿಂದಲೇ ‘ನಿರ್ಭೀಕ್’ ಎಂಬ ಅರ್ಧ ಕಿಲೋ ತೂಕದ ಹಗುರ ರಿವಾಲ್ವರ್ ಬಂತು. ದಿಲ್ಲಿಯ 2012ರ ಘಟನೆಯ ಬಳಿಕ ಹೆಣ್ಣುಮಕ್ಕಳ ರಕ್ಷಣೆಗೆ ಅಂತ ಹೇಳಿದರು. ಬೆಲೆ ಮಾತ್ರ ಒಂದು ಲಕ್ಷ ಇಪ್ಪತ್ತು ಸಾವಿರದ ಮೇಲೆ! ಯಾವ ಹೆಣ್ಣುಮಗಳು ವ್ಯಾನಿಟಿ ಬ್ಯಾಗಿನಲ್ಲಿ ಅದನ್ನಿಟ್ಟುಕೊಂಡು ಬಸ್ಸು ಹತ್ತುತ್ತಾಳೋ ಆ ಸರಕಾರಕ್ಕೇ ಗೊತ್ತು. ಇರಲಿ, ವಿಷಯಕ್ಕೆ ಬರೋಣ.

ಅಮೆರಿಕದಲ್ಲಿ ಅಂಗಡಿಗೆ ಹೋದರೆ ಹತ್ತು ಥರದ ಗುಂಡು ಮುಂದಿಡುತ್ತಾರೆ. ನಮ್ಮಲ್ಲಿ ಆ ಸಂಭ್ರಮವಿಲ್ಲ. 1980ರ ದಶಕದ ನಡುವಿನಿಂದ ಸಾಮಾನ್ಯ ಲೈಸೆನ್ಸ್‌ದಾರನಿಗೆ ವಿದೇಶಿ ಮಾಲಿನ ಆಮದು ಬಂದ್. ಕ್ರೀಡೆಯವರಿಗೆ ಮಾತ್ರ ಬೇರೆ ದಾರಿ ಉಂಟು. ಆದ್ದರಿಂದ ಕೈಗೆ ಸಿಗುವುದು ಬಹುಪಾಲು ಪುಣೆ ಬಳಿಯ ಖಡಕಿ ಕಾರ್ಖಾನೆಯ ಮಾಲು, ಬುಡದಲ್ಲಿ ‘ಕೆ.ಎಫ್.’ ಮುದ್ರೆಯದು. 2021ರ ಅಕ್ಟೋಬರಿನಲ್ಲಿ ಸರಕಾರ ಈ ಕಾರ್ಖಾನೆಗಳನ್ನೆಲ್ಲ ಏಳು ಕಂಪನಿಗಳಾಗಿ ಒಡೆದ ಮೇಲೆ ಖಡಕಿ ‘ಮ್ಯುನಿಷನ್ಸ್ ಇಂಡಿಯಾ’ದ ಪಾಲಿಗೆ ಬಂದಿದೆ. ಮುದ್ರೆ ಮಾತ್ರ ಹಳೆಯದೇ ಊರಿನದು.

ಮೊದಲ ಪೇಚು ಅಳತೆಯದು. ಇಲ್ಲೇ ಜನ ಮೋಸ ಹೋಗುವುದು. ರಿವಾಲ್ವರಿನದೂ .32, ಪಿಸ್ತೂಲಿನದೂ .32. ಎರಡನ್ನೂ 7.65 ಅಂತಲೂ ಕರೆಯುತ್ತಾರೆ. ಆದರೆ ಕಾಡತೂಸು ಬೇರೆ ಬೇರೆ ಸ್ವಾಮಿ! ರಿವಾಲ್ವರಿನ ಕೊಳವೆ 23 ಮಿಲಿಮೀಟರ್ ಉದ್ದ, ಬುಡದಲ್ಲಿ ಎದ್ದು ಕಾಣುವ ಅಂಚು, ಮೇಲೆ ಬರಿ ಸೀಸದ ಗುಂಡು. ಪಿಸ್ತೂಲಿನದು 17 ಮಿಲಿಮೀಟರ್, ಗುಂಡಿಗೆ ತಾಮ್ರದ ಹೊದಿಕೆ. ಪಿಸ್ತೂಲಿನದು ಕೆಲವು ರಿವಾಲ್ವರಿನೊಳಗೆ ಕೂತಂತೆ ಕಾಣುತ್ತದೆ. ಕೂತಿತಲ್ಲ ಅಂತ ಹಾರಿಸಿದರೆ ಕೇಡು, ಯಾಕೆಂದರೆ ಅದರ ಒತ್ತಡ ಜಾಸ್ತಿ. ಆ ಉಕ್ಕು ಅದಕ್ಕೆ ಮಾಡಿದ್ದಲ್ಲ. ನಳಿಗೆಯ ಮೇಲೆ ಏನು ಕೊರೆದಿದೆ, ಡಬ್ಬಿಯ ಮೇಲೆ ಏನು ಬರೆದಿದೆ, ಎರಡನ್ನೂ ಓದಿ ತಾಳೆ ಹಾಕಿ. ಇಂಗ್ಲಿಷ್ ಬಾರದಿದ್ದರೆ ಶಾಲೆಗೆ ಹೋಗುವ ಮಗನನ್ನು ಕೇಳಬೇಡಿ, ಮಾರುವವನನ್ನೇ ನಿಲ್ಲಿಸಿ ಕೇಳಿ.

ಈ 7.65 ಎಂಬ ಅಂಕಿಯನ್ನು ಕರ್ನಾಟಕ ಮರೆಯುವಂತಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಇಬ್ಬರ ಜೀವ ತೆಗೆದದ್ದೂ 7.65ರ ನಾಡಪಿಸ್ತೂಲು. ಎರಡೂ ಕಡೆ ಒಂದೇ ಆಯುಧ ಎಂದು ವಿಧಿವಿಜ್ಞಾನ ಪ್ರಯೋಗಾಲಯದವರು ಪತ್ತೆ ಹಚ್ಚಿದ್ದು ಖಾಲಿ ಕೊಳವೆ, ಗುಂಡುಗಳ ಮೇಲಿನ ಗುರುತಿನಿಂದ. ಲೈಸೆನ್ಸ್ ಇಲ್ಲದ ಅಗ್ಗದ ಕಾಡತೂಸು ಕೊಡಿಸುತ್ತೇನೆ ಅಂತ ಯಾರಾದರೂ ಮೆಲ್ಲಗೆ ಕಿವಿಯಲ್ಲಿ ಹೇಳಿದರೆ ಇದನ್ನು ನೆನೆಯಿರಿ. ಲೈಸೆನ್ಸಿಲ್ಲದ ಮದ್ದುಗುಂಡು ಇಟ್ಟುಕೊಂಡರೆ 2019ರ ತಿದ್ದುಪಡಿಯಂತೆ ಎರಡರಿಂದ ಐದು ವರ್ಷ ಜೈಲು.

ಇನ್ನು ಗುಂಡಿನ ಮೂತಿ. ಖಡಕಿಯ ಸೀಸದ ಗುಂಡಿಗೆ ದುಂಡು ಮೂತಿ. ಇದರ ತೂಕ ಸುಮಾರು 6.3 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 210 ಮೀಟರ್. ಪೊಲೀಸರು ಬಹುಕಾಲ ಬಳಸಿದ .38 ಸ್ಪೆಷಲ್‌ಗೆ ಹೋಲಿಸಿದರೆ ಇದರ ಹೊಡೆತ ಅರ್ಧದಷ್ಟೇ. ನಳಿಗೆ ಗಿಡ್ಡವಾದಷ್ಟೂ ವೇಗ ಇನ್ನೂ ಇಳಿಯುತ್ತದೆ. ಬಡ ಗುಂಡು, ನಿಜ. ಹಾಗಂತ ಆಟಿಕೆ ಅಂದುಕೊಂಡವರು ಆಸ್ಪತ್ರೆ ಕಂಡಾರು.

ಹಾಗಾದರೆ ತುದಿ ತೂತಿನ ಗುಂಡು ತರಿಸೋಣವೇ ಅಂತ ಸಿನಿಮಾ ನೋಡಿದ ಹುಡುಗರು ಕೇಳುತ್ತಾರೆ. ಅದು ಮೈಗೆ ತಾಗಿದೊಡನೆ ಹೂವಿನಂತೆ ಅರಳುವ ಜಾತಿ. ಈ ವಿದ್ಯೆಯ ತೌರು ನಮ್ಮ ದೇಶವೇ! ಆರ್.ಎಚ್. ಕ್ಯಾಂಪಿನ ಬಂಗಾಳಿ ಹಿರಿಯರಿಗೆ ದಮ್‌ದಮ್ ಎಂದರೆ ಕಲ್ಕತ್ತೆಯ ವಿಮಾನ ನಿಲ್ದಾಣ. ಲೋಕಕ್ಕೆಲ್ಲ ಅದು ಒಂದು ಗುಂಡಿನ ಹೆಸರು. 1890ರ ದಶಕದಲ್ಲಿ ಅಲ್ಲಿನ ಬ್ರಿಟಿಷ್ ಶಸ್ತ್ರಾಗಾರದಲ್ಲಿ ಗುಂಡಿನ ತುದಿಯ ಹೊದಿಕೆ ತೆಗೆದು ಮೆತ್ತಗೆ ಬಿಟ್ಟರು. ಗಾಯ ಘೋರವಾಯಿತು. 1899ರಲ್ಲಿ ಹೇಗ್ ನಗರದಲ್ಲಿ ಸೇರಿದ ದೇಶಗಳು ಯುದ್ಧದಲ್ಲಿ ಇಂಥದ್ದು ಬೇಡವೆಂದು ಘೋಷಿಸಿದವು. ಆ ಘೋಷಣೆ ಸೈನ್ಯಗಳಿಗೆ ಮಾತ್ರ. ಅದಕ್ಕೇ ಅಮೆರಿಕದ ಪೊಲೀಸರ ಸೊಂಟದಲ್ಲಿ ಇಂದಿಗೂ ಅರಳುವ ಗುಂಡೇ ಇದೆ.

ಆದರೆ ಅರಳಬೇಕಾದರೆ ವೇಗ ಬೇಕು. ಗಿಡ್ಡ ನಳಿಗೆಯ .32ರಲ್ಲಿ ಆ ವೇಗ ಇಲ್ಲ. ತೂತು ಇದ್ದೂ ಅರಳದೆ ಹೋಗುವುದೇ ಹೆಚ್ಚು. ಅರಳಿದರೆ ಇನ್ನೊಂದು ತೊಂದರೆ, ಒಳಕ್ಕೆ ಇಳಿಯುವುದಿಲ್ಲ. 1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿಯಲ್ಲಿ ಬ್ಯಾಂಕ್ ದರೋಡೆಕೋರರ ಜತೆ ಗುಂಡಿನ ಚಕಮಕಿ ನಡೆದು ಎಫ್‌ಬಿಐನ ಇಬ್ಬರು ಸತ್ತರು. ದರೋಡೆಕೋರನಿಗೆ ತಗುಲಿದ ಒಂದು ಗುಂಡು ಚೆನ್ನಾಗಿಯೇ ಅರಳಿ, ಹೃದಯದ ತನಕ ಮುಟ್ಟದೆ ನಡುವೆಯೇ ನಿಂತುಬಿಟ್ಟಿತ್ತು. ಆಮೇಲೆ ಅವರು ಗುಂಡು ಕನಿಷ್ಠ 12 ಅಂಗುಲ ಇಳಿಯಲೇಬೇಕೆಂದು ಅಳತೆ ಕಟ್ಟಿದರು. ಆದ್ದರಿಂದ ಸಣ್ಣ ರಿವಾಲ್ವರಿಗೆ ಸಾದಾ ಸೀಸದ ಗುಂಡೇ ವಾಸಿ. ಚಪ್ಪಟೆ ಮೂತಿಯದೂ ಒಂದುಂಟು, ಕಾಗದದಲ್ಲಿ ಚೊಕ್ಕ ತೂತು ಬೀಳಲೆಂದು ಗುರಿಸ್ಪರ್ಧೆಯವರು ಬಳಸುವುದು. ಸಿಕ್ಕರೆ ಅದೂ ಆದೀತು. ಸಿಗದಿದ್ದರೆ ಊರೂರು ಅಲೆಯಬೇಕಿಲ್ಲ.

ನನ್ನ ಕೇಳಿದರೆ, ಮೂತಿಗಿಂತ ಮುಖ್ಯವಾದದ್ದು ತಾಜಾತನ. ನಮ್ಮ ಕಡೆ ಬೇಸಿಗೆ ಹೇಗಿರುತ್ತದೆಂದು ಹೇಳಬೇಕೇ? ಸೊಂಟದ ಬೆವರು, ಗದ್ದೆ ಸೀಮೆಯ ತೇವ, ಮೇಲಿಂದ ಅತಿಭಕ್ತಿಯಿಂದ ಸುರಿದ ಎಣ್ಣೆ. ಎಣ್ಣೆ ಬುಡದ ಕ್ಯಾಪಿನೊಳಗೆ ಇಳಿದರೆ ಕಾಡತೂಸು ಸತ್ತಂತೆ. ಚರ್ಮದ ಪಟ್ಟಿಯಲ್ಲೇ ತಿಂಗಳಾನುಗಟ್ಟಲೆ ಸಿಗಿಸಿಟ್ಟರೆ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ, ಕಿಲುಬು ಹಿಡಿದದ್ದು ಒಳಗೆ ಸಿಕ್ಕಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಸೊಂಟದ ಆರನ್ನೂ ಗುರಿಮೈದಾನದಲ್ಲಿ ಹಾರಿಸಿ ಮುಗಿಸಿ, ಹೊಸದನ್ನು ತುಂಬಿ. ದುಡ್ಡು ಹೋಯಿತಲ್ಲ ಅನ್ನುವವರು ಅಂಗಡಿಯ ಹಳೇ ಬೇಳೆಯನ್ನು ತಾವೇ ಬೇಯಿಸಿ ನೋಡಲಿ!

ಹಾರಿಸುವಾಗ ಎರಡು ಸಂಗತಿ ನೆನಪಿರಲಿ. ಕುದುರೆ ಎಳೆದರೂ ಸದ್ದಿಲ್ಲವೆಂದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಸುಮ್ಮನಿರಿ, ತಡವಾಗಿ ಸಿಡಿಯುವುದುಂಟು. ‘ಢಂ’ ಅನ್ನುವ ಬದಲು ‘ಪುಸ್’ ಅಂದರೆ ಇನ್ನೊಂದು ಹಾರಿಸಲೇಬೇಡಿ. ಗುಂಡು ನಳಿಗೆಯೊಳಗೇ ಕೂತಿರಬಹುದು, ಹಿಂದೆ ಇನ್ನೊಂದು ಬಂದರೆ ನಳಿಗೆ ಒಡೆಯುತ್ತದೆ, ಬೆರಳೂ ಹೋಗುತ್ತದೆ. ಹಳೆಯ ಮಾಲಿನಲ್ಲಿ ಇದರ ಭಯ ಜಾಸ್ತಿ. ಇವೆಲ್ಲ ಪುಸ್ತಕ ಓದಿ ಬರುವುದಲ್ಲ. ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡುತ್ತಾರೆ, ವಿಚಾರಿಸಿ. 2016ರ ಆಯುಧ ನಿಯಮ ಲೈಸೆನ್ಸ್ ಕೇಳುವವನಿಗೆ ತರಬೇತಿಯನ್ನೂ ಹೇಳಿದೆ.

ತಗಡಿನ ಶೆಡ್ಡಿನ ವಿಷಯ ಒಂದು ಮಾತು. ಕ್ಯಾಂಪುಗಳಲ್ಲಿ ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ತಗಡು. ಈ ಬಡ ಗುಂಡಿಗೂ ತಗಡು ಅಡ್ಡವಲ್ಲ. ಕಳ್ಳನ ಹಿಂದೆ ಯಾರು ಮಲಗಿದ್ದಾರೆ ಅನ್ನುವುದು ಗುಂಡಿಗೆ ಗೊತ್ತಿಲ್ಲ. ಕಾನೂನೂ ಅಷ್ಟೇ ಕಟ್ಟುನಿಟ್ಟು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿ ಆತ್ಮರಕ್ಷಣೆಯ ಹಕ್ಕಿದೆ. ಅದು ಜೀವಭಯ ಇರುವ ತನಕ, ಅಗತ್ಯವಿದ್ದಷ್ಟು. ಮೂಟೆ ಹೊತ್ತು ಓಡುವವನ ಬೆನ್ನಿಗೆ ಹೊಡೆದರೆ ಕಟಕಟೆಯಲ್ಲಿ ನಿಲ್ಲುವವರು ನೀವೇ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸಿ ಜನರಿಗೆ ಅಪಾಯ ತಂದರೆ ಎರಡು ವರ್ಷದ ತನಕ ಜೈಲು ಅಥವಾ ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಸಾರ್ವಜನಿಕ ಜಾಗದಲ್ಲಿ ಒಯ್ಯುವಾಗ ಪೂರ್ತಿ ಮುಚ್ಚಿದ ಚೀಲದಲ್ಲೇ ಇರಬೇಕು. ಹೋಟೆಲಿನ ಟೇಬಲ್ಲಿನ ಮೇಲೆ ಚಹಾ ಕಪ್ಪಿನ ಪಕ್ಕ ಇಡುವ ಶೋಕಿ ನಡೆಯದು.

ಎಷ್ಟು ಕಾಡತೂಸು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎನ್ನುವುದು ಲೈಸೆನ್ಸ್ ಪುಸ್ತಕದಲ್ಲೇ ಇದೆ. ಕೊಂಡಾಗಲೆಲ್ಲ ಅಂಗಡಿಯವ ಅದರಲ್ಲಿ ಬರೆಯಬೇಕು, ಬರೆಸಿಕೊಂಡೇ ಅಂಗಡಿ ಇಳಿಯಿರಿ. ಚುನಾವಣೆ ಬಂತೆಂದರೆ ರಿವಾಲ್ವರನ್ನು ಠಾಣೆಗೆ ಒಪ್ಪಿಸಲು ನೋಟೀಸು ಬರುತ್ತದೆ. ಆಗ ಅನೇಕರು ರಿವಾಲ್ವರ್ ಕೊಟ್ಟು ಕಾಡತೂಸಿನ ಡಬ್ಬಿಯನ್ನು ಬೀರುವಿನಲ್ಲೇ ಬಿಟ್ಟು ಬರುತ್ತಾರೆ. ನೋಟೀಸಿನಲ್ಲಿ ಏನು ಕೇಳಿದ್ದಾರೆ ಓದಿ, ಕಾಡತೂಸನ್ನೂ ಕೇಳಿದ್ದರೆ ಎದುರಿಗೇ ಎಣಿಸಿ ಕೊಡಿ, ರಸೀದಿಯಲ್ಲಿ ಆ ಸಂಖ್ಯೆಯನ್ನು ಬರೆಸಿಕೊಳ್ಳಿ.