ಎದುರು ಗೋಡೆಯ ಬಣ್ಣ

ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯಂಥ ಊರುಗಳಲ್ಲಿ ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಳಿಯುವುದು ಹಳೆಯ ರೂಢಿ. ಈಗ ಡಿಸ್ಟೆಂಪರ್, ಎಮಲ್ಷನ್ ಬಂದಿವೆ. ತಿಳಿನೀಲಿಯೋ ತಿಳಿಹಳದಿಯೋ ಎಂದು ಮನೆಮಂದಿ ಅಂಗಡಿಯ ಬಣ್ಣದ ಪಟ್ಟಿ ಹಿಡಿದು ಕೂರುತ್ತಾರೆ. ಪಟ್ಟಿಯಲ್ಲಿ ಎರಡೂ ತೆಳು. ಬಳಿದ ಮೇಲೆ ನೋಡಿದರೆ ಕೋಣೆ ಗಾಢ. ಅಂಗಡಿಯವರು ಬೇರೆ ಡಬ್ಬ ಕೊಟ್ಟರೇನೋ ಎಂಬ ಅನುಮಾನ. ಆದರೆ ಅದು ಗೋಡೆಗಳು ಎದುರುಬದುರು ನಿಂತಿರುವುದರ ಫಲ.

ತಿಳಿನೀಲಿ ಗೋಡೆ ತನ್ನ ಮೇಲೆ ಬಿದ್ದ ನೀಲಿ ಬೆಳಕಿನ 100 ಪಾಲಿನಲ್ಲಿ 80ನ್ನು, ಕೆಂಪಿನ 100ರಲ್ಲಿ 60ನ್ನು ಮರಳಿಸುತ್ತದೆ ಎನ್ನಿ. ಅದೇ ಬೆಳಕು ಎದುರು ಗೋಡೆಗೆ ಬಡಿದು ಬಂದಾಗ ನೀಲಿ 64, ಕೆಂಪು 36. ಮೂರನೆಯ ಸಲಕ್ಕೆ 51 ಮತ್ತು 22. ಕಿಟಕಿ ಚಿಕ್ಕದಾದಷ್ಟೂ ಒಳಗೋಡೆಗೆ ತಲುಪುವುದು ಹೀಗೆ ಬಡಿದು ಬಡಿದು ಬಣ್ಣ ಹತ್ತಿಸಿಕೊಂಡ ಬೆಳಕೇ. ಕೈಯಲ್ಲಿರುವ ಪಟ್ಟಿಗೆ ಎದುರು ಗೋಡೆಯಿಲ್ಲ.

ರಾತ್ರಿ ಮತ್ತೊಂದು ಆಟ. ಹಳೆಯ ಬುರುಡೆ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್. ಅದರಲ್ಲಿ ನೀಲಿ ಕಡಿಮೆ. ನೀಲಿ ಗೋಡೆ ಬೂದಿಬಣ್ಣಕ್ಕೆ ತಿರುಗುತ್ತದೆ, ಹಳದಿ ಹೆಚ್ಚುಕಡಿಮೆ ಬೆಳ್ಳಗಾಗುತ್ತದೆ. 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಹಾಕಿದರೆ ನೀಲಿಗೆ ಜೀವ ಬರುತ್ತದೆ.

ಸುಣ್ಣಕ್ಕೆ ಚಿಟಿಕೆ ನೀಲಿ ಹಾಕುತ್ತಿದ್ದವರಿಗೆ ಇದರ ಒಂದು ಗುಟ್ಟು ಗೊತ್ತಿತ್ತು. ಸುಣ್ಣದ ನಸುಹಳದಿಯನ್ನು ನೀಲಿ ನುಂಗುತ್ತದೆ. ಗೋಡೆ ಮರಳಿಸುವ ಬೆಳಕು ಸ್ವಲ್ಪ ಇಳಿದರೂ ಕಣ್ಣಿಗೆ ಹೆಚ್ಚು ಬಿಳಿ. ಹಳದಿ ಬೇಕೆಂದು ಅರಿಸಿನ ಕಲಸುವಂತಿಲ್ಲ. ಸುಣ್ಣದ ಕ್ಷಾರಕ್ಕೆ ಅದು ಕೆಂಪಾಗುತ್ತದೆ, ಆರತಿ ತಟ್ಟೆಯ ಓಕುಳಿಯ ಹಾಗೆ. ಕಬ್ಬಿಣದ ಅಂಶವಿರುವ ಹಳದಿ ಮಣ್ಣಾದರೆ ಸುಣ್ಣದಲ್ಲೂ ಬಣ್ಣಗೆಡದು.

ಬೆಳಕು ಕಡಿಮೆಯಿರುವ ನಡುಮನೆಗೆ ನಾನಂತೂ ತಿಳಿಹಳದಿಯನ್ನೇ ಹೇಳುತ್ತೇನೆ. ಹಳದಿ ಬಣ್ಣ ಹೀರುವುದು ಮುಖ್ಯವಾಗಿ ನೀಲಿ ಬೆಳಕನ್ನು; ನಮ್ಮ ಕಣ್ಣು ಹೊಳಪನ್ನು ಅಳೆಯುವಾಗ ನೀಲಿಯ ಪಾಲು ತೀರ ಸಣ್ಣದು. ಹಾಗಾಗಿ ಕೋಣೆ ಬೆಳಕು ಕಳೆದುಕೊಳ್ಳುವುದಿಲ್ಲ. ಬಿಸಿಲು ಧಾರಾಳವಾಗಿ ಬೀಳುವ ಕೋಣೆಗೆ ನೀಲಿ ಚೆಂದ.

ಡಬ್ಬ ಕೊಳ್ಳುವ ಮುನ್ನ ಎರಡೂ ಬಣ್ಣವನ್ನು ಸ್ವಲ್ಪಸ್ವಲ್ಪ ತಂದು ಕೋಣೆಯ ಎರಡು ಮೂಲೆಗಳಲ್ಲಿ ಬಳಿಯಿರಿ, ಮೂಲೆಯ ಎರಡೂ ಬದಿಗೆ, ಮೊಳದಗಲ. ಚೆನ್ನಾಗಿ ಒಣಗಲಿ. ಗೋಡೆ ಗೋಡೆಯನ್ನು ನೋಡುವುದು ಅಲ್ಲೇ. ಮಧ್ಯಾಹ್ನ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ ನೋಡಿ.